ಶಿಶುವಿನ ರಾತ್ರಿನಿದ್ರೆ: ಎಚ್ಚರವೂ ಮರುನಿದ್ರೆಯೂ

ಮಗು ರಾತ್ರಿ ನಿದ್ರಿಸುವುದಿಲ್ಲವೆಂಬ ದೂರು ಬಹು ಹಳೆಯದು. ಆ ದೂರಿನ ಭಾರ ಬೀಳುವುದು ಸಾಮಾನ್ಯವಾಗಿ ತಾಯಿಯ ಮೇಲೆ. ಎದೆಹಾಲು ಸಾಲದು, ಎತ್ತಿ ಎತ್ತಿ ಕೆಟ್ಟ ಅಭ್ಯಾಸ ಮಾಡಿಸಿದ್ದಾಳೆ, ಮುಸ್ಸಂಜೆಯಲ್ಲಿ ಹೊರಗೊಯ್ದು ದೃಷ್ಟಿ ತಗುಲಿಸಿದ್ದಾಳೆ ಎಂದು ಬಂಧುಗಳೂ ನೆರೆಹೊರೆಯವರೂ ಒಬ್ಬೊಬ್ಬರು ಒಂದೊಂದು ಕಾರಣವನ್ನು ಹೇಳುತ್ತಾರೆ. ನಿದ್ದೆಗೆಟ್ಟು ಬಳಲಿದ ತಾಯಿ ಅವೆಲ್ಲವನ್ನೂ ನಂಬುತ್ತಾಳೆ. ಶಿಶುನಿದ್ರೆಯನ್ನು ಕುರಿತು ಕಳೆದ ಏಳು ದಶಕಗಳಲ್ಲಿ ನಡೆದ ಸಂಶೋಧನೆಯಿಂದ ತಿಳಿದುಬರುವುದೇನು, ಮನೆಯವರು ಮಾಡಬಹುದಾದುದೇನು ಎಂಬುದನ್ನು ಸಂಗ್ರಹವಾಗಿ ನಿರೂಪಿಸುವುದು ಇಲ್ಲಿ ನಮ್ಮ ಉದ್ದೇಶ.

ನವಜಾತ ಶಿಶುವಿಗೆ ಹಗಲು ರಾತ್ರಿಗಳ ಭೇದವಿಲ್ಲ. ಅದರ ಜಠರವು ಕಿರಿದಾದುದರಿಂದ ಎರಡು ಮೂರು ಗಂಟೆಗಳಿಗೊಮ್ಮೆ ಹಸಿವಾಗುವುದು ಸಹಜ. ರಾತ್ರಿಯ ವೇಳೆ ನಿದ್ರೆಗೆ ನೆರವಾಗುವ ಮೆಲಟೋನಿನ್ ಎಂಬ ಹಾರ್ಮೋನು ಶಿಶುವಿನ ದೇಹದಲ್ಲಿ ಲಯಬದ್ಧವಾಗಿ ಉತ್ಪನ್ನವಾಗತೊಡಗುವುದು ಸುಮಾರು ಎರಡು ಮೂರು ತಿಂಗಳು ತುಂಬುವ ವೇಳೆಗೆ. ಆದುದರಿಂದ ಮೊದಲ ಮೂರು ತಿಂಗಳಲ್ಲಿ ಅಖಂಡ ನಿದ್ರೆಯನ್ನು ನಿರೀಕ್ಷಿಸುವುದು, ಹಲ್ಲು ಮೂಡದ ಮಗು ಕಬ್ಬನ್ನು ಅಗಿಯಲೆಂದು ನಿರೀಕ್ಷಿಸಿದಂತೆ.

ನಿದ್ರೆಯ ರಚನೆಯೂ ವಯಸ್ಕರದಕ್ಕಿಂತ ಭಿನ್ನವಾದುದು. ಕಣ್ಣಾಲಿಗಳು ರೆಪ್ಪೆಯೊಳಗೇ ಚಲಿಸುವ ನಿದ್ರಾವಸ್ಥೆಯೊಂದುಂಟೆಂದು ಷಿಕಾಗೋ ವಿಶ್ವವಿದ್ಯಾನಿಲಯದ ಅಸೆರಿನ್‌ಸ್ಕಿ ಮತ್ತು ಕ್ಲೈಟ್ಮನ್ ಎಂಬ ವಿದ್ವಾಂಸರು ೧೯೫೩ರಲ್ಲಿ ಪ್ರಕಟಿಸಿದರು. ನವಜಾತ ಶಿಶುವಿನ ನಿದ್ರೆಯಲ್ಲಿ ಸುಮಾರು ಅರ್ಧಭಾಗ ಈ ಬಗೆಯದು. ಆಗ ಶಿಶುವು ಕೈಕಾಲು ಅಲುಗಿಸುತ್ತದೆ, ಮುಖ ಕಿವುಚುತ್ತದೆ, ಒಮ್ಮೊಮ್ಮೆ ನರಳುತ್ತದೆ. ಆದರೂ ಅದು ಎಚ್ಚರಗೊಂಡಿರುವುದಿಲ್ಲ. ಮೊದಲ ಸದ್ದಿಗೇ ಧಾವಿಸಿ ಎತ್ತಿಕೊಂಡರೆ ನಿದ್ರಿಸುತ್ತಿರುವ ಮಗುವನ್ನು ನಾವೇ ಎಬ್ಬಿಸಿದಂತಾಗುತ್ತದೆ. ವಯಸ್ಕರ ನಿದ್ರಾಚಕ್ರ ಸುಮಾರು ೯೦ ನಿಮಿಷಗಳದು; ಶಿಶುವಿನದು ೫೦ರಿಂದ ೬೦ ನಿಮಿಷಗಳದು. ಒಂದು ಚಕ್ರ ಮುಗಿದು ಇನ್ನೊಂದು ತೊಡಗುವ ಸಂಧಿಯಲ್ಲಿ ಎಚ್ಚರ ಸುಲಭ. ಆದುದರಿಂದ ಇಂಥ ಸಂಧಿಗಳು ಶಿಶುವಿಗೆ ಇರುಳಿನಲ್ಲಿ ಹಲವು ಬಾರಿ ಬರುತ್ತವೆ.

ರಾತ್ರಿಯೆಚ್ಚರವು ಎಷ್ಟು ವ್ಯಾಪಕವಾದುದೆಂಬುದಕ್ಕೆ ಎರಡು ಅಧ್ಯಯನಗಳನ್ನು ನೋಡಬಹುದು. ಲಂಡನ್ನಿನ ೧೬೦ ಶಿಶುಗಳನ್ನು ಕುರಿತು ಮೂರ್ ಮತ್ತು ಉಕೊ ೧೯೫೭ರಲ್ಲಿ ಪ್ರಕಟಿಸಿದ ವರದಿಯಂತೆ, ನಡುರಾತ್ರಿಯಿಂದ ಬೆಳಗಿನ ಐದರವರೆಗೆ ಸದ್ದಿಲ್ಲದೆ ಮಲಗುವ ರೂಢಿಗೆ ಮೂರು ತಿಂಗಳ ವೇಳೆಗೆ ಬಂದವು ನೂರಕ್ಕೆ ೭೦. ಆರು ತಿಂಗಳ ವೇಳೆಗೆ ೮೩. ನೂರಕ್ಕೆ ೧೦ ಶಿಶುಗಳು ವರ್ಷವಿಡೀ ಆ ರೂಢಿಗೆ ಬರಲೇ ಇಲ್ಲ. ಅಷ್ಟೇ ಅಲ್ಲ, ಒಮ್ಮೆ ರೂಢಿಗೆ ಬಂದವುಗಳಲ್ಲಿ ಅರ್ಧದಷ್ಟು ಐದರಿಂದ ಒಂಬತ್ತು ತಿಂಗಳ ಅವಧಿಯಲ್ಲಿ ಮತ್ತೆ ಎಚ್ಚರಗೊಳ್ಳತೊಡಗಿದವು. ಕೆನಡಾದಲ್ಲಿ ನಡೆದು ೨೦೧೮ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರು ತಿಂಗಳ ಶಿಶುಗಳಲ್ಲಿ ನೂರಕ್ಕೆ ಸುಮಾರು ೩೮ ಸತತ ಆರು ಗಂಟೆ ನಿದ್ರಿಸುತ್ತಿರಲಿಲ್ಲ. ಒಂದು ವರ್ಷದವುಗಳಲ್ಲಿ ೨೮. ಹಾಗೆ ನಿದ್ರಿಸದ ಶಿಶುಗಳ ಬುದ್ಧಿವಿಕಾಸದಲ್ಲಾಗಲಿ ಚಲನವಿಕಾಸದಲ್ಲಾಗಲಿ ಕೊರತೆಯೇನೂ ಕಂಡುಬರಲಿಲ್ಲ.

ಹಾಗಾದರೆ ಚೆನ್ನಾಗಿ ಮಲಗುವ ಮಗುವಿಗೂ ಮಲಗದ ಮಗುವಿಗೂ ಇರುವ ವ್ಯತ್ಯಾಸವೇನು? ಅಮೆರಿಕದ ಥಾಮಸ್ ಆಂಡರ್ಸ್ ಎಂಬ ವೈದ್ಯರು ಮನೆಗಳಲ್ಲಿಯೇ ಚಿತ್ರಗ್ರಾಹಕ ಯಂತ್ರವನ್ನಿಟ್ಟು ಶಿಶುಗಳ ನಿದ್ರೆಯನ್ನು ದಾಖಲಿಸಿ ೧೯೭೯ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ರಾತ್ರಿಯೆಲ್ಲಾ ಮಲಗುತ್ತದೆಂದು ತಾಯ್ತಂದೆಗಳು ಹೇಳುತ್ತಿದ್ದ ಶಿಶುಗಳೂ ನಡುವೆ ಎಚ್ಚರಗೊಳ್ಳುತ್ತಿದ್ದವು. ಆದರೆ ಅಳದೆ ತಾವಾಗಿಯೇ ಮರಳಿ ನಿದ್ರಿಸುತ್ತಿದ್ದವು. ಎಚ್ಚರವು ಎಲ್ಲರಿಗೂ ಸಮಾನ. ಮರುನಿದ್ರೆಯೇ ಕ್ರಮೇಣ ಕೈಗೂಡಬೇಕಾದ ಶಕ್ತಿ. ಪ್ರಸ್ತುತ ವಿಷಯದ ತಿರುಳು ಇದೇ ಎಂದು ನಾವು ಭಾವಿಸುತ್ತೇವೆ.

ನಮ್ಮ ಮನೆಗಳ ತೊಟ್ಟಿಲನ್ನೇ ದೃಷ್ಟಾಂತವಾಗಿ ತೆಗೆದುಕೊಳ್ಳೋಣ. ಜೋಗುಳದ ದನಿಯಲ್ಲಿ, ತೂಗುವ ತೊಟ್ಟಿಲಲ್ಲಿ ಮಗು ಕಣ್ಣು ಮುಚ್ಚುತ್ತದೆ. ಗಂಟೆ ಕಳೆದು ಸಂಧಿಕಾಲದಲ್ಲಿ ಕಣ್ಣು ತೆರೆದಾಗ ತೊಟ್ಟಿಲು ನಿಂತಿದೆ, ದನಿ ಅಡಗಿದೆ. ನಿದ್ರೆಯೊಡನೆ ಜೊತೆಗೂಡಿದ್ದವು ಇಲ್ಲವಾಗಿ, ಅವನ್ನು ಮರಳಿ ಬೇಡುತ್ತ ಮಗು ಅಳುತ್ತದೆ. ಇದು ಹಟವಲ್ಲ, ದೃಷ್ಟಿದೋಷವೂ ಅಲ್ಲ. ತೊಟ್ಟಿಲನ್ನಾಗಲಿ ಜೋಗುಳವನ್ನಾಗಲಿ ತ್ಯಜಿಸಬೇಕೆಂದು ನಾವು ಹೇಳುತ್ತಿಲ್ಲ. ನಾಲ್ಕು ಐದು ತಿಂಗಳಾದ ಮೇಲೆ, ಮಂಪರು ಕವಿದು ಇನ್ನೂ ಪೂರ್ಣ ನಿದ್ರೆ ಬಾರದಿರುವಾಗಲೇ ತೂಗುವುದನ್ನು ನಿಲ್ಲಿಸಿದರೆ, ಯಾವ ಸ್ಥಿತಿಯಲ್ಲಿ ನಿದ್ರೆ ಹತ್ತಿತೋ ಅದೇ ಸ್ಥಿತಿಯನ್ನು ಮಗುವು ನಡುರಾತ್ರಿಯಲ್ಲಿಯೂ ಕಾಣುತ್ತದೆ.

ಇದಕ್ಕೆ ಪೂರಕವಾದ ಕ್ರಮಗಳು ಸರಳವಾದುವು. ಹಗಲಿನಲ್ಲಿ ಬೆಳಕು, ಮಾತು, ಆಟ. ರಾತ್ರಿಯ ಹಾಲೂಡಿಕೆಯಲ್ಲಿ ಮಂದ ಬೆಳಕು, ಮೌನ. ಮಲಗುವ ಮುನ್ನ ಪ್ರತಿದಿನವೂ ಅದೇ ಕ್ರಮ ನಡೆಯಲಿ. ಸ್ನಾನ, ಮೈನೀವುವಿಕೆ, ಶಾಂತವಾದ ಹಾಡು ಅಥವಾ ಮಾತು, ಅರ್ಧ ಗಂಟೆಯೊಳಗೆ ದೀಪ ಆರಿಸುವುದು—ಇಷ್ಟನ್ನು ಎರಡು ವಾರ ಕ್ರಮವಾಗಿ ಪಾಲಿಸಿದ ಮನೆಗಳಲ್ಲಿ ಮಕ್ಕಳ ನಿದ್ರೆಯೂ ತಾಯಂದಿರ ಮನಸ್ಥಿತಿಯೂ ಸುಧಾರಿಸಿದುವೆಂದು ೨೦೦೯ರಲ್ಲಿ ಪ್ರಕಟವಾದ, ೪೦೫ ತಾಯಂದಿರು ಭಾಗವಹಿಸಿದ ಅಧ್ಯಯನ ತೋರಿಸಿತು. ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ಸೂಚಿಸಿದಂತೆ, ಹಗಲುನಿದ್ರೆಯೂ ಸೇರಿ ದಿನಕ್ಕೆ ಮೂರು ತಿಂಗಳೊಳಗಿನವರಿಗೆ ೧೪ರಿಂದ ೧೭, ನಾಲ್ಕರಿಂದ ಹನ್ನೊಂದು ತಿಂಗಳಿನವರಿಗೆ ೧೨ರಿಂದ ೧೬, ಒಂದೆರಡು ವರ್ಷದವರಿಗೆ ೧೧ರಿಂದ ೧೪ ಗಂಟೆಗಳ ನಿದ್ರೆ ಬೇಕು. ನಡೆದಾಡುವ ಮಕ್ಕಳಿಗೆ ಮಲಗುವ ಮುನ್ನ ದೂರದರ್ಶನ, ಮೊಬೈಲುಗಳ ಬೆಳಕು ನಿದ್ರೆಯನ್ನು ದೂಡುತ್ತದೆ.

ಅಳುವ ಮಗುವನ್ನು ತುಸುಹೊತ್ತು ಬಿಡಬಹುದೇ ಎಂಬುದು ವಿವಾದದ ವಿಷಯ. ಏಳು ತಿಂಗಳಿನಲ್ಲಿ ನಿದ್ರೆಯ ತೊಡಕಿದ್ದ ಆಸ್ಟ್ರೇಲಿಯಾದ ೩೨೬ ಶಿಶುಗಳ ತಾಯ್ತಂದೆಗಳಲ್ಲಿ ಒಂದು ಗುಂಪಿನವರಿಗೆ, ಮಗುವನ್ನು ಅಳಲು ಬಿಟ್ಟುಬಿಡದೆ ಅಂತರವಿಟ್ಟು ಹೋಗಿ ಸಂತೈಸುವ, ಇಲ್ಲವೆ ಹಾಸಿಗೆಯ ಬಳಿ ಕುಳಿತು ದಿನದಿನಕ್ಕೆ ದೂರ ಸರಿಯುವ ವಿಧಾನಗಳನ್ನು ಕಲಿಸಲಾಯಿತು. ಆ ಮಕ್ಕಳಿಗೆ ಆರು ವರ್ಷವಾದಾಗ ಪರೀಕ್ಷಿಸಿ ೨೦೧೨ರಲ್ಲಿ ಪ್ರಕಟಿಸಿದ ವರದಿಯಲ್ಲಿ ಯಾವ ಹಾನಿಯೂ ಕಾಣಲಿಲ್ಲ. ಶಾಶ್ವತವಾದ ವಿಶೇಷ ಲಾಭವೂ ಕಾಣಲಿಲ್ಲ. ಆದುದರಿಂದ ಬೇಕೆನಿಸಿದವರು ಈ ವಿಧಾನವನ್ನು ಅನುಸರಿಸಬಹುದು; ಮನಸ್ಸೊಪ್ಪದವರು ಬಿಡಬಹುದು. ಎರಡರಲ್ಲಿಯೂ ತಪ್ಪಿಲ್ಲ.

ತಪ್ಪಿರುವುದು ಮದ್ದು ಕೊಟ್ಟು ಮಲಗಿಸುವುದರಲ್ಲಿ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮುಂಬಯಿಯ ಗಿರಣಿಗಳಿಗೆ ದುಡಿಯಲು ಹೋಗುವ ತಾಯಂದಿರು, ಬೇರೆ ದಾರಿ ಕಾಣದೆ, ಶಿಶುಗಳಿಗೆ ಅಫೀಮಿನ ಗುಳಿಗೆ ಕೊಡುತ್ತಿದ್ದುದುಂಟು. ಇಂದು ಆ ಸ್ಥಾನಕ್ಕೆ ನೆಗಡಿಯ ಔಷಧವು ಬರುವ ಅಪಾಯವಿದೆ. ಅಂಥದೊಂದು ಮಿಶ್ರಣವನ್ನು ನಾಲ್ಕು ವರ್ಷದೊಳಗಿನವರಿಗೆ ಕೊಡಕೂಡದೆಂಬ ಎಚ್ಚರಿಕೆಯನ್ನು ಮುದ್ರಿಸುವಂತೆ ಭಾರತದ ಔಷಧ ನಿಯಂತ್ರಣಾಧಿಕಾರಿಗಳು ೨೦೨೩ರಲ್ಲಿ ಆದೇಶಿಸಿದರು. ಶಿಶುವನ್ನು ಬೆನ್ನಿನ ಮೇಲೆ, ಗಟ್ಟಿಯಾದ ಸಮತಟ್ಟು ಹಾಸಿಗೆಯಲ್ಲಿ, ದಿಂಬು ಹೊದಿಕೆಗಳ ರಾಶಿಯಿಲ್ಲದೆ ಮಲಗಿಸತಕ್ಕದ್ದು. ಅಮೆರಿಕದಲ್ಲಿ ೧೯೯೨ರಿಂದ ಈ ಸಲಹೆ ಪ್ರಚಾರಕ್ಕೆ ಬಂದ ತರುವಾಯ ನಿದ್ರೆಯಲ್ಲಿಯೇ ಆಕಸ್ಮಿಕವಾಗಿ ಸಾಯುವ ಶಿಶುಗಳ ಪ್ರಮಾಣ ಅರ್ಧಕ್ಕಿಂತಲೂ ಕಡಮೆಯಾಯಿತು. ಜ್ವರ, ಉಸಿರಾಟದ ಕಷ್ಟ, ಸತತವಾದ ಗೊರಕೆ, ಹಾಲು ಕುಡಿಯದಿರುವಿಕೆ ಕಂಡರೆ ವೈದ್ಯರ ಬಳಿಗೆ ಒಯ್ಯಬೇಕು.

ಕೊನೆಯದಾಗಿ, ಮಗುವಿನ ನಿದ್ರೆಯ ಲೆಕ್ಕದಲ್ಲಿ ತಾಯಿಯ ನಿದ್ರೆಯನ್ನು ಮರೆಯಲಾಗದು. ನಡುರಾತ್ರಿಯ ಒಂದು ಸರದಿಯನ್ನು ತಂದೆ ವಹಿಸಿಕೊಂಡರೆ, ಬೆಳಗಿನ ಒಂದು ಗಂಟೆ ಮನೆಯ ಹಿರಿಯರು ಮಗುವನ್ನು ಎತ್ತಿಕೊಂಡರೆ, ಅದು ಯಾವ ಬುದ್ಧಿವಾದಕ್ಕಿಂತಲೂ ಹೆಚ್ಚಿನ ಉಪಕಾರ. ಕಾಲ ಕೂಡಿದಾಗ ಮಗು ಮಲಗುತ್ತದೆ. ಅಲ್ಲಿಯವರೆಗೆ ತಾಯಿಯನ್ನು ದೂರದಿರುವುದು ಮನೆಯವರು ಸಲ್ಲಿಸಬೇಕಾದ ಮೊದಲ ನೆರವು.