ಪ್ರಗತಿ ಪತ್ರದಲ್ಲಿ ‘ಬಿ’ ಬಂದರೆ ಮಗು ಫೇಲ್ ಆದಂತೆಯೇ?

“ಬಿ ಬಂದದ, ಅಂದ್ರ ಫೇಲ್.” ಬೆಳಗಾವಿ ನಗರವಿರಲಿ, ಖಾನಾಪುರ ತಾಲೂಕಿನ ಬೀಡಿ ಇರಲಿ, ಪಾಲಕರ ಬಾಯಲ್ಲಿ ಈ ಮಾತು ಇದ್ದೇ ಇರುತ್ತದೆ.

ಇದು ತಪ್ಪು. ನಮ್ಮ ರಾಜ್ಯದ ಶಾಲೆಗಳ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನದಲ್ಲಿ ನೂರಕ್ಕೆ 90 ಮತ್ತು ಮೇಲೆ ಬಂದರೆ ಎ+, 70ರಿಂದ 89 ಎ, 50ರಿಂದ 69 ಬಿ+, 30ರಿಂದ 49 ಬಿ, ಅದಕ್ಕೂ ಕಡಿಮೆ ಇದ್ದರೆ ಸಿ. ಲೆಕ್ಕ ಗಮನಿಸಿ: 31 ಪಡೆದವರಿಗೂ 48 ಪಡೆದವರಿಗೂ ಒಂದೇ ಬಿ. 69ಕ್ಕೂ 70ಕ್ಕೂ ಮಾತ್ರ ಗ್ರೇಡೇ ಬೇರೆ! ಹಾಗಾಗಿ ಬರೀ ಗ್ರೇಡ್ ನೋಡಿ ಹೊಡೆಯುವುದೂ ಬೇಡ, ಕುಂದಾ ಹಂಚುವುದೂ ಬೇಡ.

ಸರ್ಕಾರಿ ಶಾಲೆಯ ಆರಂಭದ ತರಗತಿಗಳಲ್ಲಿ ನಲಿಕಲಿ ಇದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಈ ಪದ್ಧತಿಯಲ್ಲಿ ಕಲಿಕೆಯೇ ಏಣಿ. ಒಂದು ಮೆಟ್ಟಿಲು ಕಲಿತ ಮೇಲೆ ಮುಂದಿನದು. ಮಳೆಗೆ ನಾಲ್ಕು ದಿನ ಶಾಲೆ ತಪ್ಪಿದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಇಲ್ಲಿ ಪಕ್ಕದ ಮನೆಯ ಮಗುವಿನ ಜೊತೆ ಪೈಪೋಟಿ ಇಲ್ಲ. (ಮನೆಯಲ್ಲಿ ಮರಾಠಿ ಮಾತಾಡುವ ಮಗು ಕನ್ನಡದ ಮೆಟ್ಟಿಲಲ್ಲಿ ತುಸು ಹೆಚ್ಚು ದಿನ ನಿಂತರೆ ಅದು ದಡ್ಡತನವಲ್ಲ.)

ಹಾಗಂತ ಬಿ ಬಂದರೆ ಸುಮ್ಮನಿರಿ ಎಂದು ನಾವು ಹೇಳುತ್ತಿಲ್ಲ. ಎಲ್ಲೋ ಏನೋ ಗಟ್ಟಿಯಾಗಿಲ್ಲ. ಸಹಿ ಹಾಕುವ ಮುನ್ನ ಕೇಳಿ: “ಸರ್, ಇವನಿಗೆ ಯಾವುದು ಬರವಲ್ದು?” ‘ದಶಕ ತಗೊಂಡು ಕಳೆಯೋದು’ ಎಂದರೆ ಅಂಗಡಿಗೆ ಕಳಿಸಿ. 50 ರೂಪಾಯಿ ಕೊಟ್ಟು 32ರ ಸಾಮಾನು ತಂದರೆ ಚಿಲ್ಲರೆ ಎಷ್ಟು ಬರಬೇಕು ಎಂದು ಅವನೇ ಹೇಳಲಿ.