ಬಾಣದ ತಪ್ಪಲ್ಲ, ಕೇಬಲ್ ಹಿಗ್ಗಿತ್ತು

ಜತ್ತ: ‘ಬಿಲ್ಲು ಮಾರಿಬಿಡೂಣ. ಇದು ನಮ್ಮಂಥಾವ್ರ ಆಟ ಅಲ್ಲ’ ಎಂದು ಅಪ್ಪ ಹೇಳಿದ ದಿನ ಆ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ತಾಲ್ಲೂಕಿನ ಪೂರ್ವ ಭಾಗದ ಕನ್ನಡ ಹಳ್ಳಿಯೊಂದರ ದಾಳಿಂಬೆ ಬೆಳೆಗಾರರು ಅವರು. ಎರಡು ಎಮ್ಮೆ ಮಾರಿ, ಸಾಲದ್ದಕ್ಕೆ ಸೊಸೈಟಿಯಲ್ಲಿ ಸಾಲ ಎತ್ತಿ, ಹನ್ನೊಂದನೇ ತರಗತಿ ಓದುವ ಮಗಳಿಗೆ ಯಾರೋ ಬಳಸಿದ್ದ ಕಾಂಪೌಂಡ್ ಬಿಲ್ಲೊಂದನ್ನು ಕೊಡಿಸಿದ್ದರು. ಹೊಸದು ಕೊಂಡರೆ ಎಲ್ಲ ಸಾಮಾನು ಸೇರಿ ಲಕ್ಷ ದಾಟುತ್ತದೆ. ಆಯ್ಕೆ ಪಂದ್ಯಕ್ಕೆ ಮೂರು ವಾರ ಇದ್ದಾಗ ಬಾಣಗಳು ಹಾದಿ ಬಿಟ್ಟವು. ಹಿಂದಿನ ತಿಂಗಳು 50 ಮೀಟರ್ ದೂರದ ಹಳದಿ ವೃತ್ತದಲ್ಲಿ ಒತ್ತೊತ್ತಾಗಿ ನಾಟುತ್ತಿದ್ದವು ಈಗ ಒಂದು ಮೇಲೆ, ಒಂದು ಕೆಳಗೆ. ‘ಹುಡುಗಿಗೆ ಲಕ್ಷ್ಯ ಇಲ್ಲ’ ಎಂದರು ನೋಡಿದವರು. ಆಕೆಯೂ ಹಾಗೇ ನಂಬಿದ್ದಳು.

ಈ ಭಾಗದ ಮಕ್ಕಳಿಗೆ ಕಾಂಪೌಂಡ್ ಬಿಲ್ಲಿನ ಹುಚ್ಚು ಹತ್ತಲು ಕಾರಣ ದೂರದ್ದೇನಲ್ಲ. 2023ರ ಆಗಸ್ಟ್‌ನಲ್ಲಿ ಬರ್ಲಿನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ನೆರೆಯ ಸಾತಾರಾ ಜಿಲ್ಲೆಯ ಅದಿತಿ ಸ್ವಾಮಿ 17ನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದರು. ಅದೇ ಕೂಟದಲ್ಲಿ ನಾಗಪುರದ ಓಜಸ್ ದೇವತಳೆ ಫೈನಲ್‌ನಲ್ಲಿ 150ಕ್ಕೆ 150 ಅಂಕ ಗಳಿಸಿ ಪುರುಷರ ಚಿನ್ನ ಗೆದ್ದರು. ಒಲಿಂಪಿಕ್ಸ್‌ನಲ್ಲಿ ಈ ಬಿಲ್ಲಿಗೆ ಜಾಗವೇ ಇರಲಿಲ್ಲ; 2028ರ ಲಾಸ್ ಏಂಜಲೀಸ್ ಕೂಟಕ್ಕೆ ಕಾಂಪೌಂಡ್ ಮಿಶ್ರ ತಂಡ ಸ್ಪರ್ಧೆಯನ್ನು ಸೇರಿಸುವುದಾಗಿ 2025ರಲ್ಲಿ ಪ್ರಕಟವಾಗಿದೆ.

ಬೇಟೆಗೆ ಹುಟ್ಟಿದ ಬಿಲ್ಲು

ಕಾಂಪೌಂಡ್ ಬಿಲ್ಲು ಹುಟ್ಟಿದ್ದು ಅಮೆರಿಕದ ಮಿಸೌರಿಯಲ್ಲಿ. ಹೊಲೆಸ್ ವಿಲ್ಬರ್ ಅಲೆನ್ ಎಂಬಾತ 1966ರಲ್ಲಿ ಅರ್ಜಿ ಹಾಕಿ 1969ರಲ್ಲಿ ಪೇಟೆಂಟ್ ಪಡೆದ. ಅಲ್ಲಿ ಇಂದಿಗೂ ಜಿಂಕೆ ಬೇಟೆಗೆ ಇದನ್ನು ಬಳಸುತ್ತಾರೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದ್ದರಿಂದ ಇದು ಗುರಿಯಾಟದ ಬಿಲ್ಲು ಮಾತ್ರ.

ಇದರ ಎರಡೂ ತುದಿಗೆ ಗಾಲಿಯಂಥ ಕ್ಯಾಮ್ ಇರುತ್ತವೆ. ಎಳೆಯುವಾಗ ನಡುವೆ ಭಾರ ಏರಿ, ಪೂರ್ತಿ ಎಳೆದಾಗ ಬಹುಪಾಲು ಇಳಿದುಬಿಡುತ್ತದೆ. ಹೀಗಾಗಿ ಬಿಲ್ಲುಗಾರ ನಿಧಾನಕ್ಕೆ ಗುರಿ ಹಿಡಿಯಬಹುದು. ಆದರೆ ಕ್ಯಾಮ್, ಕೇಬಲ್, ಹೆದೆ, ಬಾಣ ಕೂರುವ ರೆಸ್ಟ್, ಹೆದೆಯೊಳಗಿನ ಪೀಪ್, ಮುಂದಿನ ಸೈಟ್ ಎಲ್ಲವೂ ಒಂದಕ್ಕೊಂದು ಹೊಂದಿರಬೇಕು. ಪೀಪ್‌ಗೂ ಸೈಟ್‌ಗೂ 80 ಸೆಂ.ಮೀ. ಅಂತರ ಇದ್ದರೆ, ಸೈಟ್ ಒಂದು ಮಿ.ಮೀ. ಸರಿದರೂ 50 ಮೀಟರ್‌ನಲ್ಲಿ ಬಾಣ ಸುಮಾರು ಆರು ಸೆಂ.ಮೀ. ಸರಿಯುತ್ತದೆ. ಹತ್ತು ಅಂಕದ ವೃತ್ತದ ಅಗಲವೇ ಎಂಟು ಸೆಂ.ಮೀ.

ಒಂದು ಸಲಕ್ಕೆ ಒಂದೇ

ಹುಡುಗಿ ಮಾಡಿದ ಮೊದಲ ತಪ್ಪು ದಿನಾ ಸೈಟ್ ತಿರುಗಿಸಿದ್ದು. ಬಾಣ ಮೇಲೆ ಹೋಯಿತೆಂದು ಒಂದು ದಿನ, ಕೆಳಗೆ ಹೋಯಿತೆಂದು ಮರುದಿನ. ಕೊನೆಗೆ ಮೊದಲು ಎಲ್ಲಿತ್ತು ಎಂಬುದೇ ಮರೆತುಹೋಯಿತು.

ನೆರವಿಗೆ ಬಂದವರು ಪಕ್ಕದೂರಿನ ಶಾಲೆಯ ದೈಹಿಕ ಶಿಕ್ಷಕರು. ಹಿಂದೆ ತಾವೂ ಬಿಲ್ಲು ಹಿಡಿದವರು. ‘ಪೇಪರಿನ್ಯಾಗ ಹೆಸರು ಬರೂವಂಥಾದ್ದು ನಾ ಏನೂ ಮಾಡಿಲ್ಲ’ ಎನ್ನುವ ಅವರು ಆಕೆಯ ಕೈಗೆ ಮೊದಲು ಕೊಟ್ಟಿದ್ದು ನೋಟುಬುಕ್ಕು. ‘ಬಾಣ ಎಲ್ಲಾ ಒಂದ ಕಡೆ ಗುಂಪಾಗಿ ತಪ್ಪಿದ್ರ ಸೈಟ್ ತಿರುಗಿಸವ್ವಾ. ಚೆಲ್ಲಾಪಿಲ್ಲಿ ಆದ್ರ ಸೈಟ್ ಮುಟ್ಟಬ್ಯಾಡ, ಬ್ಯಾನಿ ಬ್ಯಾರೆ ಕಡೆ ಐತಿ’ ಎಂಬುದು ಅವರ ಮೊದಲ ಪಾಠ.

ಬಾಣಗಳಿಗೆ ಒಂದರಿಂದ ಆರರವರೆಗೆ ಅಂಕಿ ಬರೆಸಿದರು. ಅದೇ ಅಂಕಿಯ ಬಾಣ ಪ್ರತಿ ಸಲ ಅದೇ ಕಡೆ ತಪ್ಪಿದರೆ ದೋಷ ಬಾಣದ್ದು. ನಾಲ್ಕನೇ ಬಾಣವನ್ನು ಮೆಲ್ಲಗೆ ಬಾಗಿಸಿದಾಗ ಚಿರ್ ಎಂಬ ಸದ್ದು ಬಂತು. ಕೂದಲೆಳೆಯಷ್ಟು ಸೀಳು. ಅದನ್ನು ಅಲ್ಲೇ ಮುರಿದು ಹಾಕಿದರು. ಸೀಳಿದ ಕಾರ್ಬನ್ ಬಾಣ ಬಿಡುವಾಗ ಒಡೆದು ಕೈಗೆ ನಾಟುವ ಅಪಾಯ ಇರುತ್ತದೆ. ಉಳಿದ ಐದಕ್ಕೆ ಇಂಥದ್ದೇ ಎಂಬ ಜಾಗ ಇರಲಿಲ್ಲ. ಅಂದರೆ ದೋಷ ಬಾಣದ್ದಲ್ಲ.

ಆಮೇಲೆ ಅವ್ವನ ಪೌಡರ್ ಡಬ್ಬಿ ಬಂತು. ಬಾಣದ ಗರಿಗೂ ರೆಸ್ಟ್‌ಗೂ ಪೌಡರ್ ಬಳಿದು ಬಿಟ್ಟರೆ, ಗರಿ ಎಲ್ಲಾದರೂ ತಾಗಿದಲ್ಲಿ ಒರಸಿದ ಗುರುತು ಉಳಿಯುತ್ತದೆ. ಗುರುತು ಇರಲಿಲ್ಲ.

ಮೂರನೆಯದು ಹಾಳೆಯ ಪರೀಕ್ಷೆ. ಕಟ್ಟಿಗೆ ಚೌಕಟ್ಟಿಗೆ ಹಳೇ ವೃತ್ತಪತ್ರಿಕೆ ಬಿಗಿದು, ಎರಡು ಮೀಟರ್ ದೂರದಿಂದ ಅದರ ಮೂಲಕ ಬಾಣ ಬಿಡಬೇಕು. ಹಾಳೆಯ ಹಿಂದೆ ಸ್ವಲ್ಪ ಜಾಗ ಬಿಟ್ಟು ಬಾಣ ತಡೆಯಲು ಗಟ್ಟಿ ಗುರಿ ಇರಲೇಬೇಕು. ಬಾಣ ನೆಟ್ಟಗೆ ಹೋದರೆ ದುಂಡು ತೂತು, ಸುತ್ತ ಗರಿಗಳ ಗೀರು. ಇಲ್ಲಿ ಹಾಳೆ ಮೇಲ್ಮುಖವಾಗಿ ಹರಿದಿತ್ತು. ಬಾಣದ ಬಾಲ ಎದ್ದು ಹೋಗುತ್ತಿತ್ತು. ರೆಸ್ಟ್ ತುಸು ಎತ್ತರಿಸಿದರು. ಹರಿತ ಕಡಿಮೆಯಾಯಿತು. ಮರುಬಾಣಕ್ಕೆ ಮತ್ತೆ ದೊಡ್ಡದಾಯಿತು. ಏನೂ ಮುಟ್ಟದಿದ್ದರೂ ಪ್ರತಿ ಬಾಣಕ್ಕೂ ಹರಿತ ಬದಲಾಗುತ್ತಿದೆ ಎಂದರೆ ಬಿಲ್ಲಿನಲ್ಲೇ ಏನೋ ಹೊಂದಾಣಿಕೆ ತಪ್ಪಿದೆ ಎಂದು ಶಿಕ್ಷಕರಿಗೆ ಗುಮಾನಿ ಬಂತು.

ಅಪ್ಪ ಕಂಡಿದ್ದು

ಗುಟ್ಟು ಹಿಡಿದವರು ಬಿಲ್ಲು ಮಾರಲು ಹೊರಟಿದ್ದ ಅಪ್ಪ. ಮಗಳು ಬಾಣ ಹೂಡಿ, ಗುರಿಯ ಕಡೆಗೇ ಮುಖ ಮಾಡಿ ನಿಧಾನಕ್ಕೆ ಎಳೆಯುವಾಗ, ಪಕ್ಕಕ್ಕೆ ನಿಂತು ಎರಡೂ ಕ್ಯಾಮ್ ನೋಡುತ್ತಿರಿ ಎಂದು ಶಿಕ್ಷಕರು ಹೇಳಿದ್ದರು. ಬಾವಿಯ ಪಂಪಿನ ಬೆಲ್ಟು ನೋಡಿ ಪಳಗಿದ ಕಣ್ಣು ಅದು. ‘ಸರ್, ಮ್ಯಾಲಿನ ಗಾಲಿ ಮೊದ್ಲ ನಿಂದರತೈತ್ರಿ. ಕೆಳಗಿಂದು ಇನ್ನಾ ತಿರಗತೈತಿ. ಬೆಲ್ಟ್ ಸಡ್ಲ ಆದಂಗ ಐತಿ’ ಎಂದರು.

ಅದೇ ಆಗಿತ್ತು. ಎರಡೂ ಕ್ಯಾಮ್ ಒಟ್ಟಿಗೆ ತಿರುಗಿ, ಒಟ್ಟಿಗೆ ತಡೆಗೆ ಮುಟ್ಟಬೇಕು. ಬಳಸಿ ಬಳಸಿ ಹಳೆಯದಾದ ಕೇಬಲ್ ಒಂದು ಹಿಗ್ಗಿದ್ದರಿಂದ ಒಂದು ಹಿಂದೆ ಬೀಳುತ್ತಿತ್ತು. ಬೇಸಿಗೆಯಿಡೀ ಬಿಲ್ಲು ತಗಡಿನ ಕೋಣೆಯಲ್ಲಿ ಕಾದಿದ್ದೂ ಸೇರಿಕೊಂಡಿತ್ತು. ಹೆದೆ ನೆಟ್ಟಗೆ ಮುಂದೆ ಬರದೆ ಬಾಣದ ಬಾಲವನ್ನು ಎತ್ತುತ್ತಿತ್ತು. ಹುಡುಗಿ ತುಸು ಹೆಚ್ಚು ಒತ್ತಿ ಎಳೆದರೆ ಒಂದು ತರಹ, ತುಸು ಸಡಿಲ ಬಿಟ್ಟರೆ ಇನ್ನೊಂದು ತರಹ.

ಕೇಬಲ್‌ಗೆ ತಿರುವು ಕೂಡಿಸಿದರೆ ಅದು ಗಿಡ್ಡಾಗುತ್ತದೆ. ಆದರೆ ಅದಕ್ಕೆ ಬಿಲ್ಲನ್ನು ಒತ್ತಿ ಹಿಡಿಯುವ ಬೋ ಪ್ರೆಸ್ ಬೇಕು. ಕೈಯಿಂದ ಬಿಚ್ಚಲು ಹೋದರೆ ಬಿಲ್ಲಿನ ಪಟ್ಟಿಗಳು ಸಿಡಿದು ಮುಖಕ್ಕೆ ಬರಬಹುದು. ಊರಲ್ಲಿ ಪ್ರೆಸ್ ಇಲ್ಲ. ಭಾನುವಾರ ಅಪ್ಪ, ಮಗಳು ಬಿಲ್ಲನ್ನು ಚಾದರದಲ್ಲಿ ಸುತ್ತಿಕೊಂಡು ಸಾಂಗ್ಲಿ ಬಸ್ ಹತ್ತಿದರು. ಅಲ್ಲಿ ಅರ್ಧ ತಾಸಿನ ಕೆಲಸ. ಮರಳಿ ಬಂದು ಪೀಪ್ ಸರಿಮಾಡಿ, ರೆಸ್ಟ್ ಮೊದಲಿನ ಗುರುತಿಗೆ ತಂದು ಹಾಳೆಗೆ ಬಿಟ್ಟಾಗ ತೂತು ದುಂಡಗಿತ್ತು. ಆಮೇಲೆಯೇ ಸೈಟ್ ಮುಟ್ಟಿದ್ದು.

ಬಾಣ ಹಾದಿ ಬಿಟ್ಟರೆ

* ಮೊದಲು ಬಾಣ: ಸೀಳು, ಸೊಟ್ಟ, ಸಡಿಲ ನಾಕ್, ಕಿತ್ತ ಗರಿ ನೋಡಿ. ಬಿಲ್ಲಿನ ಭಾರಕ್ಕೆ ತಕ್ಕ ಬಿಗಿ ಇರಲಿ. ಬಾಣದ ಮೇಲಿನ 400, 500 ಎಂಬ ಸ್ಪೈನ್ ಅಂಕಿ ಕಡಿಮೆಯಾದಷ್ಟೂ ಬಾಣ ಬಿಗಿ.
* ಹಿಡಿ ಬಿಗಿಯಾಗಿ ಹಿಡಿಯಬೇಡಿ. ಮಣಿಕಟ್ಟು ತಿರುಚಿದರೆ ಬಾಣ ಎಡಬಲಕ್ಕೆ ಹೋಗುತ್ತದೆ.
* ರೆಸ್ಟ್, ಸೈಟ್‌ಗಳ ಸ್ಕ್ರೂ ಬಿಗಿ ಇದೆಯೇ ನೋಡಿ. ಸರಿಯಿದ್ದಾಗಲೇ ಬಿಳಿ ಪೆನ್ನಿನಿಂದ ಗುರುತು ಹಾಕಿಡಿ.
* ಬಾಣ ಇಲ್ಲದೆ ಹೆದೆ ಎಳೆದು ಬಿಡಬೇಡಿ. ಬಿಲ್ಲೇ ಮುರಿದೀತು.
* ಬಿಲ್ಲನ್ನು ಬಿಸಿಲಿನ ಗಾಡಿಯಲ್ಲಿ, ತಗಡಿನ ಕೆಳಗೆ ಇಡಬೇಡಿ.

ಆಯ್ಕೆ ಪಂದ್ಯದಲ್ಲಿ ಆಕೆಗೆ ಪದಕ ಬರಲಿಲ್ಲ. ಕಳೆದ ಮೂರು ವಾರದ ಅಭ್ಯಾಸ ಮರಳಿ ಸಿಗುವಂತಿರಲಿಲ್ಲ. ಆದರೆ 720ಕ್ಕೆ ಬಂದ ಅಂಕ ಬಿಲ್ಲು ಕೆಡುವ ಮುಂಚಿನದಕ್ಕಿಂತ ಎಂಟು ಹೆಚ್ಚು. ಆ ರಾತ್ರಿ ಬಿಲ್ಲು ಮಾರುವ ಮಾತು ಬರಲಿಲ್ಲ. ತಗಡಿನ ಕೋಣೆಯಿಂದ ಅದನ್ನು ತೆಗೆದು, ಜೋಳದ ಚೀಲ ಸರಿಸಿ, ನಡುಮನೆಯ ತಂಪಿನಲ್ಲಿ ಜಾಗ ಮಾಡಿಕೊಟ್ಟವರು ಅಪ್ಪನೇ. ಈಗ ಪ್ರತಿ ಶನಿವಾರ ಸಂಜೆ ಮಗಳು ಬಿಲ್ಲು ಎಳೆಯುತ್ತಾಳೆ, ಅಪ್ಪ ಪಕ್ಕದಲ್ಲಿ ನಿಂತು ಗಾಲಿ ನೋಡುತ್ತಾರೆ.