ತೆಳು ಲ್ಯಾಪ್‌ಟಾಪ್‌ನ ಪ್ರೊಸೆಸರ್: ವೇಗಕ್ಕಿಂತ ಮೊದಲು ವ್ಯಾಟ್‌ನ ಲೆಕ್ಕ

ಇಂಟೆಲ್ ಕಂಪನಿಯು 2024ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆ ಮಾಡಿದ ‘ಕೋರ್ ಅಲ್ಟ್ರಾ 7 258ವಿ’ ಮತ್ತು 2025ರ ಜನವರಿಯಲ್ಲಿ ಪ್ರಕಟಿಸಿದ ‘ಕೋರ್ ಅಲ್ಟ್ರಾ 7 255ಎಚ್’ ಎಂಬ ಎರಡು ಪ್ರೊಸೆಸರ್‌ಗಳು ಹೆಸರಿನಲ್ಲಿ ಅಣ್ಣತಮ್ಮಂದಿರಂತೆ ಕಂಡರೂ ಬೇರೆ ಬೇರೆ ಉದ್ದೇಶಗಳಿಗಾಗಿ ರೂಪುಗೊಂಡವು. ಸಂಖ್ಯೆ ದೊಡ್ಡದಾದಷ್ಟೂ ಸಾಮರ್ಥ್ಯ ಹೆಚ್ಚು ಎಂದು ಭಾವಿಸುವ ಗ್ರಾಹಕನಿಗೆ 258 ಎಂಬುದು 255ಕ್ಕಿಂತ ಒಂದು ಕೈ ಮೇಲೆಂದು ತೋರುವುದು ಸಹಜ; ಆದರೆ ಇಲ್ಲಿ ಅರ್ಥ ಅಡಗಿರುವುದು ಕೊನೆಯ ಅಕ್ಷರದಲ್ಲಿ. ‘ವಿ’ ಎಂಬುದು ಕಡಿಮೆ ವಿದ್ಯುತ್ತಿನಲ್ಲಿ ನಡೆಯುವ, ‘ಲೂನಾರ್ ಲೇಕ್’ ಎಂಬ ಒಳಹೆಸರಿನ ಪೀಳಿಗೆಯನ್ನೂ, ‘ಎಚ್’ ಎಂಬುದು ಹೆಚ್ಚು ಕೆಲಸಕ್ಕಾಗಿ ಹೆಚ್ಚು ವಿದ್ಯುತ್ತನ್ನು ಬೇಡುವ ‘ಆ್ಯರೋ ಲೇಕ್’ ಪೀಳಿಗೆಯನ್ನೂ ಸೂಚಿಸುತ್ತವೆ. ಇಷ್ಟು ಮಹತ್ವದ ಭೇದವನ್ನು ಒಂದೇ ಅಕ್ಷರಕ್ಕೆ ಹೊರಿಸಿದ ನಾಮಕರಣ ಪದ್ಧತಿಯನ್ನು ಗ್ರಾಹಕಸ್ನೇಹಿ ಎಂದು ಕರೆಯುವುದು ಕಷ್ಟ.

ಪ್ರೊಸೆಸರ್‌ನೊಳಗೆ ಸೂಚನೆಗಳನ್ನು ಸ್ವತಂತ್ರವಾಗಿ ನಿರ್ವಹಿಸುವ ಘಟಕವನ್ನು ಕೋರ್ ಎನ್ನುತ್ತಾರೆ. 258ವಿಯಲ್ಲಿ ಇಂಥ ಎಂಟು ಕೋರ್‌ಗಳಿದ್ದು, ಅವುಗಳಲ್ಲಿ ನಾಲ್ಕು ವೇಗಕ್ಕೂ ನಾಲ್ಕು ಮಿತವ್ಯಯಕ್ಕೂ ಮೀಸಲಾಗಿವೆ. 255ಎಚ್‌ನಲ್ಲಿ ವೇಗದ ಆರು, ಮಿತವ್ಯಯದ ಎಂಟು, ಅತಿ ಹಗುರ ಕೆಲಸಕ್ಕೆಂದೇ ಬೇರೆಯಾಗಿಟ್ಟ ಎರಡು ಸೇರಿ ಒಟ್ಟು ಹದಿನಾರು ಕೋರ್‌ಗಳಿವೆ. ಈ ಕೊನೆಯ ಎರಡನ್ನು ಬಿಟ್ಟರೆ ಉಳಿದ ಕೋರ್‌ಗಳ ಮೂಲ ವಿನ್ಯಾಸ ಎರಡರಲ್ಲೂ ಒಂದೇ ಆಗಿದ್ದು, ಅವು ಇರುವ ಚಿಪ್‌ನ ಮುಖ್ಯ ತುಣುಕನ್ನು ಇಂಟೆಲ್ ತನ್ನ ಕಾರ್ಖಾನೆಯಲ್ಲಿ ತಯಾರಿಸದೆ ತೈವಾನ್‌ನ ಟಿಎಸ್‌ಎಂಸಿಯ 3 ನ್ಯಾನೋಮೀಟರ್ ತಂತ್ರದಲ್ಲಿ ಮಾಡಿಸಿಕೊಂಡಿದೆ. ಗರಿಷ್ಠ ವೇಗ ಒಂದರಲ್ಲಿ 4.8 ಗಿಗಾಹರ್ಟ್ಸ್, ಇನ್ನೊಂದರಲ್ಲಿ 5.1, ಅಂದರೆ ವ್ಯತ್ಯಾಸ ಶೇ 6ರಷ್ಟು ಮಾತ್ರ. ಜಾಲತಾಣ ತೆರೆಯುವುದು, ಪತ್ರ ಬರೆಯುವುದು, ಸಾಧಾರಣ ಗಾತ್ರದ ಲೆಕ್ಕಪಟ್ಟಿಯಲ್ಲಿ ಕೂಡಿ ಕಳೆಯುವುದು ಮುಂತಾದವು ಒಂದೆರಡು ಕೋರ್‌ಗಳನ್ನು ಕ್ಷಣಕಾಲ ಎಬ್ಬಿಸಿ ಮುಗಿದುಹೋಗುವ ಕೆಲಸಗಳಾದುದರಿಂದ, ಅವುಗಳಲ್ಲಿ ಈ ಎರಡರ ಅಂತರ ಬಳಸುವವರ ಅರಿವಿಗೆ ಬರುವುದೇ ಇಲ್ಲ.

ಅಂತರ ಬರುವುದು ವಿದ್ಯುತ್ ಬಳಕೆಯಲ್ಲಿ. ಪ್ರೊಸೆಸರ್ ದೀರ್ಘಕಾಲ ದುಡಿಯುವಾಗ ಎಷ್ಟು ವ್ಯಾಟ್ ಬಳಸುವುದೆಂದು ತಯಾರಕರು ಗೊತ್ತುಪಡಿಸುವ ಪ್ರಮಾಣಕ್ಕೆ ಮೂಲ ವಿದ್ಯುತ್ ಮಿತಿ ಎಂದೂ, ಕೆಲವು ಸೆಕೆಂಡುಗಳಿಂದ ಕೆಲವು ನಿಮಿಷಗಳ ಮಟ್ಟಿಗೆ ಅದನ್ನು ದಾಟಲು ಇರುವ ಅವಕಾಶಕ್ಕೆ ಟರ್ಬೊ ಮಿತಿ ಎಂದೂ ಹೇಳಬಹುದು. ಇಂಟೆಲ್ ನಿಗದಿಪಡಿಸಿದಂತೆ 258ವಿಗೆ ಇವು ಕ್ರಮವಾಗಿ 17 ಮತ್ತು 37 ವ್ಯಾಟ್. 255ಎಚ್‌ಗೆ 28 ಮತ್ತು 115 ವ್ಯಾಟ್. ಬಿಸಿಯಾಗಿ ಹೊರಬೀಳಬೇಕಾದುದು ಇದೇ ವಿದ್ಯುತ್ತು. ಬೆರಳುದಪ್ಪದ ದೇಹದೊಳಗಿನ ಚಿಕ್ಕ ಫ್ಯಾನ್ ಮತ್ತು ತಾಮ್ರದ ಕೊಳವೆಗಳು 115 ವ್ಯಾಟ್ ಶಾಖವನ್ನು ಬಹುಕಾಲ ಸಾಗಿಸಲಾರವು. ಆದ್ದರಿಂದ ಲ್ಯಾಪ್‌ಟಾಪ್ ತಯಾರಕರು ಈ ಮಿತಿಗಳನ್ನು ತಮ್ಮ ಪೆಟ್ಟಿಗೆಯ ಸಾಮರ್ಥ್ಯಕ್ಕೆ ಹೊಂದುವಂತೆ ತಗ್ಗಿಸುತ್ತಾರೆ, ಮತ್ತು ಹೀಗೆ ತಗ್ಗಿಸಿದ ಅಂಕಿಯನ್ನು ಪೆಟ್ಟಿಗೆಯ ಮೇಲೆ ಅಪರೂಪಕ್ಕೂ ಮುದ್ರಿಸುವುದಿಲ್ಲ. ಒಂದೇ 255ಎಚ್ ದಪ್ಪನೆಯ ಲ್ಯಾಪ್‌ಟಾಪ್‌ನಲ್ಲಿ ಒಂದು ರೀತಿ, ತೆಳ್ಳನೆಯದರಲ್ಲಿ ಇನ್ನೊಂದು ರೀತಿ ವರ್ತಿಸುವುದಕ್ಕೆ ಇದೇ ಕಾರಣ. ಸುತ್ತಲಿನ ಗಾಳಿಯೇ ಬಿಸಿಯಾಗಿದ್ದರೆ ಫ್ಯಾನ್‌ನ ಕೆಲಸ ಇನ್ನೂ ಕಠಿಣವಾಗುವುದರಿಂದ, ಹವಾನಿಯಂತ್ರಿತ ಕೋಣೆಯಲ್ಲಿ ನಡೆದ ಪರೀಕ್ಷೆಯ ಫಲಿತಾಂಶವನ್ನು 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರುಗಳ ಬೇಸಿಗೆಗೆ ಹಾಗೆಯೇ ಅನ್ವಯಿಸಲಾಗದು.

ವಿದ್ಯುತ್ತನ್ನು ತಗ್ಗಿಸಿದಾಗ ವೇಗವೂ ಅದೇ ಪ್ರಮಾಣದಲ್ಲಿ ಕುಸಿಯುವುದೆಂದು ಮಾತ್ರ ತಿಳಿಯಬಾರದು. ಟ್ರಾನ್ಸಿಸ್ಟರುಗಳು ಬಳಸುವ ವಿದ್ಯುತ್ತು ಅವು ಮಿಡಿಯುವ ಆವರ್ತನಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಗುಣವಾಗಿ ಏರುತ್ತದೆ, ಮತ್ತು ಆವರ್ತನವನ್ನು ಹೆಚ್ಚಿಸಲು ಸಾಮಾನ್ಯವಾಗಿ ವೋಲ್ಟೇಜನ್ನೂ ಹೆಚ್ಚಿಸಬೇಕಾಗುತ್ತದೆ. ಎರಡನ್ನೂ ತಲಾ ಶೇ 10ರಷ್ಟು ಏರಿಸಿದರೆ ವೇಗ ಹೆಚ್ಚೆಂದರೆ ಶೇ 10ರಷ್ಟು ಹೆಚ್ಚಿ, ವಿದ್ಯುತ್ ಬಳಕೆ ಮಾತ್ರ ಸುಮಾರು ಶೇ 33ರಷ್ಟು ಹೆಚ್ಚುತ್ತದೆ. ಕೊನೆಯ ಮೆಟ್ಟಿಲುಗಳ ವೇಗ ಹೀಗೆ ಬಲು ದುಬಾರಿ. ಈ ನಿಯಮದ ಇನ್ನೊಂದು ಮುಖವೆಂದರೆ, ಹಲವು ಕೋರ್‌ಗಳನ್ನು ನಿಧಾನವಾಗಿ ಓಡಿಸುವುದು ಕೆಲವೇ ಕೋರ್‌ಗಳನ್ನು ಉಸಿರುಗಟ್ಟುವಂತೆ ಓಡಿಸುವುದಕ್ಕಿಂತ ಲಾಭದಾಯಕ. ವಿಡಿಯೊ ಸಂಕಲನದ ಕೊನೆಯಲ್ಲಿ ಇಡೀ ಚಿತ್ರವನ್ನು ಹೊಸದಾಗಿ ಸಂಕೇತೀಕರಿಸುವುದು, ದೊಡ್ಡ ತಂತ್ರಾಂಶವನ್ನು ಕಂಪೈಲ್ ಮಾಡುವುದು, ಅಂದರೆ ಮನುಷ್ಯರು ಬರೆದ ಕೋಡನ್ನು ಯಂತ್ರಭಾಷೆಗೆ ಇಳಿಸುವುದು, ಮೂರು ಆಯಾಮದ ಚಿತ್ರ ರಚಿಸುವುದು ಮುಂತಾಗಿ ಎಲ್ಲ ಕೋರ್‌ಗಳಿಗೂ ಹಂಚಬಹುದಾದ ಕೆಲಸಗಳಲ್ಲಿ ಹದಿನಾರು ಕೋರ್‌ಗಳ 255ಎಚ್, ಮಿತಿ ತಗ್ಗಿಸಿದ ತೆಳು ದೇಹದಲ್ಲೂ ಸ್ಪಷ್ಟವಾಗಿ ಮುಂದಿರುವುದಕ್ಕೆ ಇದೇ ಆಧಾರ.

ಆದರೆ ಬಹುಪಾಲು ಬಳಕೆದಾರರ ಪ್ರೊಸೆಸರ್ ದಿನದ ಹೆಚ್ಚಿನ ಭಾಗ ಏನನ್ನೂ ಮಾಡದೆ ಮುಂದಿನ ಕೀಲಿ ಒತ್ತುವುದನ್ನು ಕಾಯುತ್ತಿರುತ್ತದೆ. ಬ್ಯಾಟರಿಯ ಬಾಳಿಕೆಯನ್ನು ಬಹುಮಟ್ಟಿಗೆ ನಿರ್ಧರಿಸುವುದು ಗರಿಷ್ಠ ವೇಗವಲ್ಲ, ಈ ಕಾಯುವಿಕೆಯ ಖರ್ಚು. 60 ವ್ಯಾಟ್-ಅವರ್ ಬ್ಯಾಟರಿಯುಳ್ಳ ಲ್ಯಾಪ್‌ಟಾಪ್ ಪರದೆಯೂ ಸೇರಿ ಸರಾಸರಿ 6 ವ್ಯಾಟ್ ಬಳಸಿದರೆ ಹತ್ತು ಗಂಟೆ ನಡೆಯುತ್ತದೆ. ಅದೇ 10 ವ್ಯಾಟ್ ಬಳಸಿದರೆ ಆರು ಗಂಟೆಗೇ ಚಾರ್ಜರ್ ಹುಡುಕಬೇಕು. 258ವಿ ತನ್ನ ಹೆಸರು ಗಳಿಸಿರುವುದು ಈ ನಾಲ್ಕು ವ್ಯಾಟ್‌ನಂಥ ಸಣ್ಣ ಉಳಿತಾಯಗಳಿಂದ. ಅದರ ಮಿತವ್ಯಯದ ಕೋರ್‌ಗಳು ವೇಗದ ಕೋರ್‌ಗಳಿಂದ ಬೇರ್ಪಟ್ಟು ನಿಂತಿರುವುದರಿಂದ ಹಗುರ ಕೆಲಸ ನಡೆಯುವಾಗ ಉಳಿದ ಭಾಗ ನಿದ್ರಿಸಬಲ್ಲದು. ಮೆಮೊರಿಯನ್ನು ಮದರ್‌ಬೋರ್ಡಿನ ಮೇಲಲ್ಲದೆ ಪ್ರೊಸೆಸರ್ ಕೂರುವ ಪ್ಯಾಕೇಜಿನ ಮೇಲೆಯೇ ಜೋಡಿಸಿರುವುದರಿಂದ ದತ್ತಾಂಶ ಕ್ರಮಿಸುವ ದೂರ ತಗ್ಗಿ, ಅದಕ್ಕೆ ತಗಲುವ ವಿದ್ಯುತ್ತೂ ತಗ್ಗುತ್ತದೆ.

ಈ ಮೆಮೊರಿ ಜೋಡಣೆಗೆ ತೆರಬೇಕಾದ ಬೆಲೆಯೂ ಉಂಟು. 258ವಿಯಲ್ಲಿ 32 ಗಿಗಾಬೈಟ್, ಅದರ ಸೋದರ 256ವಿಯಲ್ಲಿ 16 ಗಿಗಾಬೈಟ್ ಮೆಮೊರಿ ಕಾರ್ಖಾನೆಯಲ್ಲೇ ನಿಗದಿಯಾಗಿದ್ದು, ಕೊಂಡ ಮೇಲೆ ಹೆಚ್ಚಿಸುವ ದಾರಿ ಇಲ್ಲ. 32ಕ್ಕಿಂತ ಹೆಚ್ಚು ಬೇಕೆನ್ನುವವರಿಗೆ ಈ ಪೀಳಿಗೆಯಲ್ಲಿ ಸ್ಥಾನವೇ ಇಲ್ಲ. ಮೆಮೊರಿಯನ್ನು ತಾನೇ ಕೊಂಡು ಜೋಡಿಸಬೇಕಾದ ಈ ಕ್ರಮ ಲಾಭವನ್ನು ಕೊರೆಯುತ್ತದೆ ಎಂಬ ಕಾರಣ ನೀಡಿ, ಅದನ್ನು ಮುಂದುವರಿಸುವುದಿಲ್ಲವೆಂದು ಇಂಟೆಲ್‌ನ ಅಂದಿನ ಮುಖ್ಯಸ್ಥ ಪ್ಯಾಟ್ ಗೆಲ್ಸಿಂಗರ್ 2024ರಲ್ಲೇ ಪ್ರಕಟಿಸಿದ್ದರು. 255ಎಚ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಮೆಮೊರಿ ಪ್ರತ್ಯೇಕವಾಗಿರುತ್ತದೆ; ಆದರೂ ತೆಳುತನದ ಹಂಬಲದಲ್ಲಿ ಹಲವು ತಯಾರಕರು ಅದನ್ನೂ ಬೋರ್ಡಿಗೆ ಬೆಸುಗೆ ಹಾಕುವುದರಿಂದ, ಬದಲಿಸಬಲ್ಲ ಸ್ಲಾಟ್ ಇದೆಯೇ ಎಂಬುದನ್ನು ಮಾದರಿವಾರು ನೋಡಿಯೇ ತಿಳಿಯಬೇಕು.

ಕೃತಕ ಬುದ್ಧಿಮತ್ತೆಯ ಲೆಕ್ಕಗಳಿಗೆಂದೇ ಇರುವ ಎನ್‌ಪಿಯು ಎಂಬ ಘಟಕ 258ವಿಯಲ್ಲಿ ಸೆಕೆಂಡಿಗೆ 47 ಲಕ್ಷ ಕೋಟಿ, 255ಎಚ್‌ನಲ್ಲಿ 13 ಲಕ್ಷ ಕೋಟಿ ಲೆಕ್ಕಗಳನ್ನು ಮಾಡಬಲ್ಲದೆಂದು ಇಂಟೆಲ್ ಹೇಳುತ್ತದೆ. ‘ಕೋಪೈಲಟ್ ಪ್ಲಸ್’ ಎಂಬ ಮುದ್ರೆಗೆ ಮೈಕ್ರೋಸಾಫ್ಟ್ ವಿಧಿಸಿದ ಮಿತಿ 40 ಆದುದರಿಂದ ಅದು ದೊರೆಯುವುದು ಮೊದಲಿನದಕ್ಕೆ ಮಾತ್ರ. ದಿನನಿತ್ಯದ ಬಳಕೆಯಲ್ಲಿ ಈ ಮುದ್ರೆಯಿಂದ ಸಿಗುವ ಪ್ರಯೋಜನ ಸದ್ಯಕ್ಕೆ ಜಾಹೀರಾತಿನಲ್ಲಿ ಕಾಣುವಷ್ಟು ದೊಡ್ಡದಲ್ಲ. ಆಯ್ಕೆಯನ್ನು ಅದರ ಮೇಲೆ ನಿಲ್ಲಿಸಬೇಕಿಲ್ಲ.

ತರಗತಿ, ಪ್ರಯಾಣ, ಸಭೆಗಳ ನಡುವೆ ಲ್ಯಾಪ್‌ಟಾಪನ್ನು ಹೊತ್ತು ತಿರುಗುವವರಿಗೆ, ಬರವಣಿಗೆಯೂ ಓದೂ ಮುಖ್ಯವಾದವರಿಗೆ 258ವಿ ನಿಸ್ಸಂಶಯವಾಗಿ ಉತ್ತಮ; ಅವರು ಹಣ ಉಳಿಸಲೆಂದು 16 ಗಿಗಾಬೈಟ್‌ನ 256ವಿಗೆ ಇಳಿಯದಿರುವುದು ಜಾಣತನ, ಏಕೆಂದರೆ ಕೆಲವು ವರ್ಷಗಳ ಬಳಿಕ ಮೊದಲು ಸಾಲದೆ ಹೋಗುವುದು ಬಹುಶಃ ಮೆಮೊರಿಯೇ ಹೊರತು ವೇಗವಲ್ಲ. ದಿನವೂ ಗಂಟೆಗಟ್ಟಲೆ ಕಂಪೈಲ್ ಮಾಡುವವರು, ವಿಡಿಯೊ ಸಂಕಲನಕಾರರು 255ಎಚ್ ಆರಿಸಬೇಕು. ಆಗಲೂ ಪ್ರೊಸೆಸರ್‌ನ ಹೆಸರನ್ನಷ್ಟೇ ನಂಬದೆ, ತಾವು ಕೊಳ್ಳಲಿರುವ ಮಾದರಿಯನ್ನು ಇಪ್ಪತ್ತು–ಮೂವತ್ತು ನಿಮಿಷ ಬಿಡದೆ ದುಡಿಸಿದ ಮೇಲೂ ಅದು ಎಷ್ಟು ವ್ಯಾಟ್ ಉಳಿಸಿಕೊಳ್ಳುತ್ತದೆ, ಫ್ಯಾನ್ ಎಷ್ಟು ಸದ್ದು ಮಾಡುತ್ತದೆ ಎಂಬುದನ್ನು ಅಳೆದು ಬರೆದ ವಿಮರ್ಶೆಯನ್ನು ಹುಡುಕಿ ಓದಬೇಕು. ವಾರಕ್ಕೊಮ್ಮೆ ಮಾತ್ರ ಭಾರದ ಕೆಲಸ ಎದುರಾಗುವವರು ಮನೆಯಲ್ಲೋ ಕಚೇರಿಯಲ್ಲೋ ಒಂದು ಡೆಸ್ಕ್‌ಟಾಪ್ ಹೊಂದಿದ್ದರೆ ಆ ಕೆಲಸವನ್ನು ಅದಕ್ಕೆ ಬಿಟ್ಟು, ಚೀಲದಲ್ಲಿ ಹಗುರವಾದುದನ್ನೇ ಇಟ್ಟುಕೊಳ್ಳಬಹುದು.